ಉಪಕರಣ ಮುಟ್ಟಿದ ಕೈಗಳು

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ವಿಜ್ಞಾನದ ಬಗ್ಗೆ ಒಂದು ಲೇಖನ ಬರೆದುಕೊಡು ಎಂದು ಗುರುಗಳು ಹೇಳಿದಾಗ ನನಗೆ ಮೊದಲು ನೆನಪಾದದ್ದು ನಮ್ಮ ಶಾಲೆಯ ಪ್ರಯೋಗಾಲಯದ ಹಸಿರು ಬೀರು. ಓಮನ ನಿಯಮದ ಪ್ರಯೋಗಕ್ಕೆ ಮೇಜಿಗೆ ನಾಲ್ವರಂತೆ ನಿಲ್ಲುತ್ತಿದ್ದೆವು. ತಂತಿ ಜೋಡಿಸುವುದು ಹುಡುಗರು, ಅಳತೆ ಬರೆದುಕೊಳ್ಳುವುದು ಹುಡುಗಿಯರು. ಹೀಗೇ ಮಾಡಿ ಎಂದು ಯಾರೂ ಹೇಳಿರಲಿಲ್ಲ. ಹುಡುಗಿಯರ ಅಕ್ಷರ ದುಂಡಗಿರುತ್ತದೆ ಎಂಬ ಕಾರಣವೇ ಸಾಕಾಗಿತ್ತು.

ಒಂದು ದಿನ ನಾನು ಜೋಡಿಸಿದ ಆಮ್ಮೀಟರಿನ ಮುಳ್ಳು ಸೊನ್ನೆಯಿಂದ ಹಿಂದಕ್ಕೆ ಹೋಯಿತು. ನಾನು ತಬ್ಬಿಬ್ಬಾದೆ. ದಾಖಲೆ ಪುಸ್ತಕ ಹಿಡಿದು ನಿಂತಿದ್ದ ಸಹಪಾಠಿ, "ಆ ಎರಡು ತಂತಿ ಅದಲು ಬದಲು ಮಾಡು" ಎಂದಳು. ಮಾಡಿದೆ, ಮುಳ್ಳು ಸರಿಹೋಯಿತು. ಆಗ ಬಂದ ಮೇಷ್ಟ್ರು ನನ್ನ ಬೆನ್ನು ತಟ್ಟಿದರು. ಹೇಳಿದ್ದು ಅವಳು ಎಂದು ನಾನು ಬಾಯಿ ಬಿಡಲಿಲ್ಲ. ಮುಂದೆ ನಾನು ಬಿ.ಇ. ಓದಿದೆ. ಹತ್ತಿರದ ಕಾಲೇಜಿನಲ್ಲಿ ವಿಜ್ಞಾನ ವಿಭಾಗ ಇರಲಿಲ್ಲವಾದ್ದರಿಂದ ಅವಳು ಕಲಾ ವಿಭಾಗ ಸೇರಿದಳು, ಎರಡು ವರ್ಷಕ್ಕೆ ಮದುವೆಯಾಯಿತು.

ತಿಳಿವಳಿಕೆ ಅವಳಲ್ಲಿತ್ತು, ತಂತಿ ನನ್ನ ಕೈಯಲ್ಲಿತ್ತು. ನಮ್ಮ ದೇಶದಲ್ಲಿ ಹೆಣ್ಣುಮಕ್ಕಳು ವಿಜ್ಞಾನ, ಇಂಜಿನಿಯರಿಂಗ್ ಕಲಿತ ಚರಿತ್ರೆಯನ್ನು ಓದಿದಾಗ ಇದೇ ಮಾತು ಮತ್ತೆ ಮತ್ತೆ ಎದುರಾಯಿತು.

1933ರಲ್ಲಿ ಕಮಲಾ ಭಾಗವತ್ ಎಂಬ ತರುಣಿ ಮುಂಬಯಿ ವಿಶ್ವವಿದ್ಯಾಲಯದ ಬಿ.ಎಸ್‌ಸಿ. ಪದವಿ ಪಡೆದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದರು. ಅಂಕಗಳು ಬೇಕಾದಷ್ಟಿದ್ದವು. ಆದರೂ ನಿರ್ದೇಶಕರಾಗಿದ್ದ ಸರ್ ಸಿ.ವಿ. ರಾಮನ್ ಹೆಣ್ಣು ಎಂಬ ಕಾರಣಕ್ಕೆ ನಿರಾಕರಿಸಿದರು. ಆಕೆ ಹಿಂತಿರುಗಲಿಲ್ಲ, ಅಲ್ಲೇ ಪಟ್ಟು ಹಿಡಿದರು. ಕೊನೆಗೆ ಷರತ್ತಿನ ಮೇಲೆ ಪ್ರವೇಶ ಸಿಕ್ಕಿತು: ಮೊದಲ ವರ್ಷ ಪರೀಕ್ಷಾರ್ಥ, ಕೆಲಸ ನಿರ್ದೇಶಕರಿಗೆ ಒಪ್ಪಿಗೆಯಾದರೆ ಮಾತ್ರ ಮಾನ್ಯತೆ, ಗಂಡು ಸಂಶೋಧಕರ ಗಮನ ಕೆಡಬಾರದು. ಈ ಅವಮಾನ ನುಂಗಿಕೊಂಡು ಅವರು ಶ್ರೀನಿವಾಸಯ್ಯನವರ ಮಾರ್ಗದರ್ಶನದಲ್ಲಿ ಹಾಲು ಮತ್ತು ಬೇಳೆಕಾಳುಗಳ ಪ್ರೋಟೀನಿನ ಮೇಲೆ ಕೆಲಸ ಮಾಡಿದರು. ಅದನ್ನು ನೋಡಿದ ಮೇಲೆ ರಾಮನ್ ಮಹಿಳೆಯರಿಗೆ ಬಾಗಿಲು ತೆರೆದರು. ಮದುವೆಯ ನಂತರ ಕಮಲಾ ಸೊಹೋನಿ ಎಂದು ಹೆಸರಾದ ಇವರು 1939ರಲ್ಲಿ ಕೇಂಬ್ರಿಡ್ಜಿನಿಂದ ಪಿಎಚ್.ಡಿ. ಪಡೆದರು.

ಅದೇ ಕಾಲದಲ್ಲಿ ಮದ್ರಾಸಿನಲ್ಲಿ ಎ. ಲಲಿತಾ ಎಂಬವರಿದ್ದರು. ಹದಿನೈದಕ್ಕೆ ಮದುವೆ, ಹದಿನೆಂಟಕ್ಕೆ ವೈಧವ್ಯ, ಮಡಿಲಲ್ಲಿ ನಾಲ್ಕು ತಿಂಗಳ ಹೆಣ್ಣುಮಗು. ತಂದೆ ಗಿಂಡಿಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಪ್ರಾಧ್ಯಾಪಕರು. ಅವರ ಬೆಂಬಲದಿಂದ ಲಲಿತಾ ಅಲ್ಲೇ ಎಲೆಕ್ಟ್ರಿಕಲ್ ವಿಭಾಗ ಸೇರಿ 1943ರಲ್ಲಿ ಓದು ಮುಗಿಸಿದರು. ಪ್ರಮಾಣಪತ್ರದಲ್ಲಿ 'ಅವನು' ಎಂದು ಅಚ್ಚಾಗಿದ್ದುದನ್ನು ತಿದ್ದಿ 'ಅವಳು' ಎಂದು ಬರೆದುಕೊಡಬೇಕಾಯಿತು. ಓದಿನ ಭಾಗವಾಗಿ ಜಮಾಲ್‌ಪುರದ ರೈಲ್ವೆ ಕಾರ್ಯಾಗಾರದಲ್ಲಿ ಒಂದು ವರ್ಷ ಅಪ್ರೆಂಟಿಸ್ ಆಗಿ ದುಡಿದರು. ಮುಂದೆ ಭಾಕ್ರಾ ನಂಗಲ್ ಯೋಜನೆಯ ವಿದ್ಯುತ್ ಕೆಲಸಗಳಲ್ಲೂ ಅವರ ಪಾಲಿತ್ತು. ಅವರ ಹಿಂದೆಯೇ ಅದೇ ಕಾಲೇಜಿನಲ್ಲಿ ಸಿವಿಲ್ ಓದಿದ ಪಿ.ಕೆ. ತ್ರೇಸಿಯಾ ಕೇರಳದ ಲೋಕೋಪಯೋಗಿ ಇಲಾಖೆಯ ಮುಖ್ಯ ಇಂಜಿನಿಯರ್ ಹುದ್ದೆಯವರೆಗೂ ಏರಿದರು.

ನಮ್ಮವರೇ ಆದ ರಾಜೇಶ್ವರಿ ಚಟರ್ಜಿಯವರ ಕಥೆ ಇನ್ನೂ ಹತ್ತಿರದ್ದು. ಅವರ ಅಜ್ಜಿ ಕಮಲಮ್ಮ ದಾಸಪ್ಪ ಮೈಸೂರು ಸಂಸ್ಥಾನದ ಮೊದಮೊದಲ ಪದವೀಧರೆಯರಲ್ಲಿ ಒಬ್ಬರು. ಅಜ್ಜಿ ಕಟ್ಟಿದ ಶಾಲೆಯಲ್ಲೇ ಮೊಮ್ಮಗಳ ಓದು ಶುರುವಾಯಿತು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿದ ರಾಜೇಶ್ವರಿ 1947ರಲ್ಲಿ ಹಡಗಿನಲ್ಲಿ ಅಮೆರಿಕಕ್ಕೆ ಹೋಗಿ ಮಿಷಿಗನ್ ವಿಶ್ವವಿದ್ಯಾಲಯ ಸೇರಿದರು. ನಡುವೆ ಎಂಟು ತಿಂಗಳು ಅಲ್ಲಿನ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿ ರೇಡಿಯೋ ಅಲೆಗಳ ಅಳತೆಯ ತರಬೇತಿ ಪಡೆದರು. 1953ರಲ್ಲಿ ಪಿಎಚ್.ಡಿ. ಮುಗಿಸಿ ಬಂದು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಧ್ಯಾಪಕಿಯಾದರು. ಪತಿ ಶಿಶಿರ್ ಕುಮಾರ್ ಚಟರ್ಜಿಯವರೊಂದಿಗೆ ಮೈಕ್ರೋವೇವ್ ಮತ್ತು ಆಂಟೆನಾಗಳ ಸಂಶೋಧನೆಯನ್ನು ಅಲ್ಲಿ ಬೆಳೆಸಿದರು. ಕರ್ನಾಟಕದ ಮೊದಲ ಮಹಿಳಾ ಇಂಜಿನಿಯರ್ ಎಂದು ಇವರನ್ನು ಗೌರವಿಸುತ್ತೇವೆ.

ಅಣ್ಣಾ ಮಾಣಿಯವರು 1940ರಲ್ಲಿ ರಾಮನ್ ಅವರ ಪ್ರಯೋಗಾಲಯ ಸೇರಿ ವಜ್ರ, ಮಾಣಿಕ್ಯಗಳ ಬೆಳಕಿನ ಗುಣ ಪರಿಶೀಲಿಸಿದರು. ಒಂದೊಂದು ಫೋಟೋ ತಟ್ಟೆಗೆ ಹದಿನೈದು ಇಪ್ಪತ್ತು ಗಂಟೆ ಬೆಳಕು ಬೀಳಬೇಕಿತ್ತು, ರಾತ್ರಿ ಪ್ರಯೋಗಾಲಯದಲ್ಲೇ ಕಳೆಯುತ್ತಿದ್ದರು. ಎಂ.ಎಸ್‌ಸಿ. ಇಲ್ಲವೆಂದು ಅವರ ಪ್ರಬಂಧಕ್ಕೆ ಪಿಎಚ್.ಡಿ. ಕೊಡಲಿಲ್ಲ. 1948ರಲ್ಲಿ ಹವಾಮಾನ ಇಲಾಖೆ ಸೇರಿ, ವಿದೇಶದಿಂದ ತರಿಸುತ್ತಿದ್ದ ಉಪಕರಣಗಳನ್ನು ಪುಣೆಯಲ್ಲೇ ಮಾಡಿಸಲು ಸುಮಾರು ನೂರು ಉಪಕರಣಗಳ ನಕ್ಷೆಗಳನ್ನು ಸಿದ್ಧಗೊಳಿಸಿದರು. ದೇಶದ ಬಿಸಿಲು ಮತ್ತು ಗಾಳಿಯ ಬಲವನ್ನು ಅಳೆದು ಅಂಕಿಅಂಶ ಪ್ರಕಟಿಸಿದರು. ಇಂದು ನಮ್ಮ ಹೊಲಗಳಲ್ಲಿ ಕಾಣುವ ಸೋಲಾರ್ ಪಂಪಿನ ಹಿಂದೆ ಇಂಥ ಅಳತೆಗಳ ಶ್ರಮವೂ ಇದೆ.

ಈ ನಾಲ್ವರಲ್ಲಿ ಒಂದು ಸಾಮ್ಯವಿದೆ. ಬುದ್ಧಿ ಎಲ್ಲರಿಗೂ ಇತ್ತು, ಜೊತೆಗೆ ಯಾವುದೋ ಘಟ್ಟದಲ್ಲಿ ಉಪಕರಣ ಅವರ ಕೈಗೇ ಬಂತು. ಮನೆಯವರ ಬೆಂಬಲದಿಂದಲೋ ಸ್ವಂತ ಹಟದಿಂದಲೋ ಅದು ಬಂತು. ಅಂಥ ಮನೆಯಿಲ್ಲದ ಮಕ್ಕಳಿಗೆ ಅದನ್ನು ಕೊಡಬೇಕಾದದ್ದು ಶಾಲೆ.

ಸರಕಾರಿ ಶಾಲೆಯಲ್ಲಿ ಇದು ಸಾಧ್ಯ ಎಂಬುದಕ್ಕೂ ಚರಿತ್ರೆಯಿದೆ. 1972ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ 16 ಮಾಧ್ಯಮಿಕ ಶಾಲೆಗಳಲ್ಲಿ ಕಿಶೋರ್ ಭಾರತಿ ಮತ್ತು ಫ್ರೆಂಡ್ಸ್ ರೂರಲ್ ಸೆಂಟರ್ ಸಂಸ್ಥೆಗಳು ಪ್ರಯೋಗದ ಮೂಲಕವೇ ವಿಜ್ಞಾನ ಕಲಿಸುವ ಕಾರ್ಯಕ್ರಮ ಆರಂಭಿಸಿದವು. ಆರರಿಂದ ಎಂಟನೇ ತರಗತಿಯ ಮಕ್ಕಳು ನಾಲ್ವರ ಗುಂಪಿನಲ್ಲಿ ಪ್ರಯೋಗ ಮಾಡಿ ಉತ್ತರ ಕಂಡುಕೊಳ್ಳಬೇಕಿತ್ತು. ಪರೀಕ್ಷೆಗೆ ಪುಸ್ತಕ ತೆರೆದೇ ಬರೆಯಬಹುದಿತ್ತು, ಪ್ರಯೋಗ ಪರೀಕ್ಷೆಯೂ ಇತ್ತು. 1978ರಲ್ಲಿ ಇಡೀ ಜಿಲ್ಲೆಗೆ ಹಬ್ಬಿದ ಇದನ್ನು 2002ರಲ್ಲಿ ಅಲ್ಲಿನ ಸರಕಾರ ನಿಲ್ಲಿಸಿತು. ಅಲ್ಲಿಗೆ ಹೋಗಿದ್ದ ಐಐಟಿ ಪದವೀಧರ ಅರವಿಂದ ಗುಪ್ತಾ ಬೆಂಕಿಕಡ್ಡಿ ಮತ್ತು ಸೈಕಲ್ ವಾಲ್ವ್ ಟ್ಯೂಬಿನಿಂದ ಜ್ಯಾಮಿತಿ ಕಲಿಸುವ ಆಟಿಕೆ ಮಾಡಿ ದೇಶಕ್ಕೆಲ್ಲ ಹಂಚಿದರು. ನಮ್ಮಲ್ಲಿ 1980ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು 'ಬಾಲ ವಿಜ್ಞಾನ' ಪತ್ರಿಕೆ ಮತ್ತು ಮಕ್ಕಳ ವಿಜ್ಞಾನ ಸಮಾವೇಶಗಳ ಮೂಲಕ ಹಳ್ಳಿಗಳನ್ನು ಮುಟ್ಟಿತು. 2019ರಲ್ಲಿ ಕೇಂದ್ರ ಸರಕಾರ ಹೆಣ್ಣುಮಕ್ಕಳಿಗಾಗಿಯೇ 'ವಿಜ್ಞಾನ ಜ್ಯೋತಿ' ಯೋಜನೆ ತಂದಿತು. ಅದು ಒಂಬತ್ತನೇ ತರಗತಿಯಿಂದ ಮೇಲಿನವರಿಗೆ. ಆದರೆ ಯಾರು ತಂತಿ ಹಿಡಿಯಬೇಕು, ಯಾರು ಬರೆಯಬೇಕು ಎಂಬುದು ಅದಕ್ಕೆ ಮೊದಲೇ ತೀರ್ಮಾನವಾಗಿ ಹೋಗಿರುತ್ತದೆ.

ಅದಕ್ಕೇ ಕಳೆದ ಬೇಸಿಗೆ ರಜೆಯಲ್ಲಿ ನಾವು ಐದಾರು ಹಳೆಯ ವಿದ್ಯಾರ್ಥಿಗಳು ಊರಿನ ಆರು, ಏಳನೇ ತರಗತಿಯ ಹುಡುಗಿಯರಿಗೆ ಎರಡು ದಿನದ ಕಾರ್ಯಾಗಾರ ಮಾಡಿದೆವು. ಕೆಟ್ಟುಹೋದ ಮಿಕ್ಸಿ, ರೇಡಿಯೋ, ಸೈಕಲ್ ಡೈನಮೋ ಮೇಜಿನ ಮೇಲಿಟ್ಟು ಬಿಚ್ಚಿ ನೋಡಿ ಎಂದರೆ ಮೊದಲ ಅರ್ಧ ಗಂಟೆ ಯಾರೂ ಮುಟ್ಟಲಿಲ್ಲ. "ಸಾರ್, ಹಾಳಾದ್ರೆ?" ಎಂದಳು ಒಬ್ಬಳು. ಆಗಲೇ ಹಾಳಾಗಿದೆಯಮ್ಮ ಎಂದಾಗ ಎಲ್ಲರೂ ನಕ್ಕರು, ಸ್ಕ್ರೂಡ್ರೈವರಿಗೆ ಪೈಪೋಟಿ ಶುರುವಾಯಿತು.

ಮರುದಿನ ಒಂದು ಸೆಲ್, ಎರಡು ಸೇಫ್ಟಿ ಪಿನ್, ಒಂದು ಅಯಸ್ಕಾಂತ, ಎನಾಮಲ್ ತಂತಿಯ ಸುರುಳಿ ಇಷ್ಟರಿಂದ ಮೋಟಾರ್ ಮಾಡಿದರು. ತಂತಿಯ ಒಂದು ತುದಿಯ ಎನಾಮಲ್ಲನ್ನು ಪೂರ್ತಿ ಕೆರೆಯಬೇಕು, ಇನ್ನೊಂದನ್ನು ಅರ್ಧ ಸುತ್ತು ಮಾತ್ರ. ಒಬ್ಬ ಹುಡುಗಿ ಎರಡನ್ನೂ ಪೂರ್ತಿ ಕೆರೆದಿದ್ದಳು. ಸುರುಳಿ ತಿರುಗದೆ ಅತ್ತಿತ್ತ ತೂಗಾಡಿತು. ಪಕ್ಕದವಳದನ್ನು ಹೋಲಿಸಿ ನೋಡಿ, ಅರ್ಧ ಸುತ್ತಿನಲ್ಲಿ ಕರೆಂಟ್ ನಿಂತರೆ ಮಾತ್ರ ಅದು ಮುಂದಕ್ಕೆ ಹೋಗುತ್ತದೆ, ಇಲ್ಲದಿದ್ದರೆ ಹಿಂದಕ್ಕೆ ಎಳೆಯುತ್ತದೆ ಎಂದು ತಾನೇ ಹೇಳಿದಳು. ಇದನ್ನು ನಾನು ಪುಸ್ತಕದಲ್ಲಿ ಬಾಯಿಪಾಠ ಮಾಡಿದ್ದೆ.

ಸಂಜೆ ಅವಳನ್ನು ಕರೆದೊಯ್ಯಲು ಬಂದ ತಾಯಿಯನ್ನು ನೋಡಿದೆ. ಅಂದು ದಾಖಲೆ ಪುಸ್ತಕ ಹಿಡಿದಿದ್ದ ನನ್ನ ಸಹಪಾಠಿ. ಆಮ್ಮೀಟರಿನ ಮಾತು ಎತ್ತಿದೆ. ಅವಳಿಗೆ ಎಲ್ಲ ನೆನಪಿತ್ತು. "ಮಗಳಿಗಾದ್ರೂ ನೀವು ತಂತಿ ಕೊಟ್ಟಿರಲ್ಲ, ಸಾಕು" ಎಂದಳು.

ಆ ಹುಡುಗಿ ಇನ್ನೆರಡು ವರ್ಷಕ್ಕೆ ನಮ್ಮ ಪ್ರೌಢಶಾಲೆಗೆ ಬರುತ್ತಾಳೆ. ಗುರುಗಳಲ್ಲಿ ಒಂದೇ ವಿನಂತಿ: ಪ್ರಯೋಗದ ಮೇಜಿನಲ್ಲಿ ವಾರಕ್ಕೊಮ್ಮೆ ಕೆಲಸ ಬದಲಾಗಲಿ, ತಂತಿ ಹಿಡಿದವರು ಬರೆಯಲಿ, ಬರೆದವರು ತಂತಿ ಹಿಡಿಯಲಿ. ಹಳೆಯ ವಿದ್ಯಾರ್ಥಿಗಳು ವರ್ಷಕ್ಕೆ ಎರಡು ದಿನ ಬಿಡುವು ಮಾಡಿಕೊಳ್ಳೋಣ. ಊರಿನವರು ಮನೆಯಲ್ಲಿ ಕೆಟ್ಟು ಬಿದ್ದ ಸಾಮಾನನ್ನು ಗುಜರಿಗೆ ಹಾಕುವ ಮೊದಲು ಶಾಲೆಗೆ ಕೊಡಲಿ. ನನಗೆ ಅಕ್ಷರ, ಅನ್ನ ಎರಡನ್ನೂ ಕೊಟ್ಟ ಈ ಶಾಲೆ ನೂರರ ಹಬ್ಬ ಆಚರಿಸುವಾಗ ಅದರ ಸ್ಮರಣ ಸಂಚಿಕೆಗೆ ಇಂಥ ಲೇಖನವನ್ನು ಬರೆಯುವ ಇಂಜಿನಿಯರ್ ಇವರಲ್ಲೇ ಒಬ್ಬಳಾಗಿರಲಿ.