ಗುಲಾಮಗಿರಿಯ ಮೌಖಿಕ ಚರಿತ್ರೆ (ಅಮೆರಿಕ)

ಅಮೆರಿಕದಲ್ಲಿ ಗುಲಾಮಗಿರಿ ಕಾನೂನಿನ ಪ್ರಕಾರ ಕೊನೆಗೊಂಡದ್ದು 1865ರಲ್ಲಿ. ಅದನ್ನು ಅನುಭವಿಸಿ ಬದುಕುಳಿದವರ ಬಾಯಿಮಾತನ್ನು ವ್ಯವಸ್ಥಿತವಾಗಿ ಬರೆದಿಡುವ ಕೆಲಸ ಮೊದಲಾದದ್ದು ಆರು ದಶಕಗಳ ನಂತರ. 1929ರ ಸುಮಾರಿಗೆ ಫಿಸ್ಕ್ ಮತ್ತು ಸದರ್ನ್ ವಿಶ್ವವಿದ್ಯಾಲಯಗಳ ಕರಿಯ ವಿದ್ವಾಂಸರು ಇದಕ್ಕೆ ಕೈಹಾಕಿದರು. ಆಮೇಲೆ, ಆರ್ಥಿಕ ಮಹಾಕುಸಿತದ ಕಾಲದಲ್ಲಿ ನಿರುದ್ಯೋಗಿ ಬರಹಗಾರರಿಗಾಗಿ ಸರ್ಕಾರ ಹುಟ್ಟುಹಾಕಿದ ಫೆಡರಲ್ ರೈಟರ್ಸ್ ಪ್ರಾಜೆಕ್ಟ್ 1936ರಿಂದ 1938ರವರೆಗೆ 17 ರಾಜ್ಯಗಳಲ್ಲಿ 2,300ಕ್ಕೂ ಹೆಚ್ಚು ನಿರೂಪಣೆಗಳನ್ನು ಸಂಗ್ರಹಿಸಿತು. 1941ರಲ್ಲಿ ಅವು ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ 17 ಸಂಪುಟಗಳಾದವು. ಆದರೆ 1972ರಲ್ಲಿ ಇತಿಹಾಸಕಾರ ಜಾರ್ಜ್ ರಾವಿಕ್ ಅವುಗಳ ಪ್ರಕಟಣೆ ಆರಂಭಿಸುವವರೆಗೆ ಹೆಚ್ಚಿನ ಇತಿಹಾಸಕಾರರು ಅವನ್ನು ಆಧಾರವಾಗಿ ಬಳಸಲಿಲ್ಲ.

ಈ ಹಿಂಜರಿಕೆಗೆ ಕಾರಣಗಳಿದ್ದವು. ಹೇಳಿದವರಲ್ಲಿ ಹೆಚ್ಚಿನವರು ಎಂಬತ್ತು ದಾಟಿದ್ದರು. ಅವರು ಕಂಡದ್ದು ಬಾಲ್ಯದ ಗುಲಾಮಗಿರಿ. ಕೇಳಿದವರಲ್ಲಿ ಬಹುಪಾಲು ಬಿಳಿಯರು. ಹಸಿವಿನ ಆ ದಿನಗಳಲ್ಲಿ, ಮನೆಬಾಗಿಲಿಗೆ ಬಂದ ಸರ್ಕಾರದ ಮನುಷ್ಯರಿಂದ ಪಿಂಚಣಿ ಸಿಕ್ಕೀತೆಂದು ಆಸೆಪಟ್ಟ ಮುದುಕರೂ ಇದ್ದರು. ಅಂಥವರು ಕೇಳುಗರಿಗೆ ಹಿತವಾಗುವಂತೆ ಮಾತಾಡಿರಬಹುದು ಎಂಬುದು 1975ರಲ್ಲಿ ಇತಿಹಾಸಕಾರ ಜಾನ್ ಬ್ಲಾಸಿಂಗೇಮ್ ಎತ್ತಿದ ಆಕ್ಷೇಪಗಳಲ್ಲೊಂದು. ಇದು ತಳ್ಳಿಹಾಕುವ ಮಾತಲ್ಲ. ದಕ್ಷಿಣದ ಚಾರ್ಲ್ಸ್‌ಟನ್ ನಗರದ ವೃದ್ಧೆ ಸೂಸನ್ ಹ್ಯಾಮ್ಲಿನ್ ಬಿಳಿಯ ಸಂದರ್ಶಕಿಯ ಮುಂದೆ ತನ್ನ ಯಜಮಾನನನ್ನು ಒಳ್ಳೆಯವನೆಂದಳು. ಕರಿಯ ಸಂದರ್ಶಕನ ಮುಂದೆ ಅದೇ ಹೆಂಗಸು ಚಾಟಿಯೇಟುಗಳ ಬಗ್ಗೆ, ಗುಲಾಮ ಜೋಡಿಯೊಂದರ ಮದುವೆಯ ಮರುದಿನವೇ ಹೆಂಡತಿಯನ್ನು ಮಾರಿಬಿಟ್ಟ ಬಗ್ಗೆ ಹೇಳಿದಳು.

ಈ ಎರಡು ಹೇಳಿಕೆಗಳು ಹೊಂದುವುದಿಲ್ಲವೆಂದು ಎರಡನ್ನೂ ಬದಿಗಿಡುವುದು ಸರಿಯಲ್ಲ. ವಿಮೋಚನೆಯಾಗಿ ಎಪ್ಪತ್ತು ವರ್ಷ ಕಳೆದರೂ ದಕ್ಷಿಣದ ಕರಿಯ ಮುದುಕಿಗೆ ಬಿಳಿಯರ ಮುಂದೆ ಮಾತು ನುಂಗಿಕೊಳ್ಳಬೇಕಾಗಿತ್ತು ಎಂಬುದನ್ನು ತೋರಿಸಿಕೊಡುವುದೇ ಆ ವ್ಯತ್ಯಾಸ. ನೆನಪು ಇಸವಿಯಲ್ಲಿ ತಪ್ಪಬಹುದು. ತಾಯಿಯನ್ನು ಮಾರಿದ ದಿನವನ್ನು ಮಗು ಮರೆಯುವುದು ಕಷ್ಟ. ಬೇರೆ ಬೇರೆ ರಾಜ್ಯಗಳ ನೂರಾರು ಜನ, ಒಬ್ಬರನ್ನೊಬ್ಬರು ಕಾಣದೆ, ಅದೇ ಹರಾಜು, ಅದೇ ರಾತ್ರಿ ಪಹರೆ, ಕದ್ದುಮುಚ್ಚಿ ಮಾಡಿದ ಅದೇ ಪ್ರಾರ್ಥನೆಗಳ ಬಗ್ಗೆ ಹೇಳುವಾಗ ಒಂದು ಸಾಕ್ಷ್ಯಕ್ಕೆ ಇನ್ನೊಂದು ಆಸರೆಯಾಗುತ್ತದೆ.

ಲಿಖಿತ ದಾಖಲೆಯೂ ನಿಷ್ಪಕ್ಷಪಾತಿಯಲ್ಲ. ತೋಟದ ಲೆಕ್ಕದ ಪುಸ್ತಕ ಬರೆಸಿದವನು ಯಜಮಾನ. ಅದರಲ್ಲಿ ಮನುಷ್ಯ ಒಂದು ಹೆಸರು, ಒಂದು ವಯಸ್ಸು, ಒಂದು ಬೆಲೆ. ಯಾರು ಕೇಳಿದರು, ಯಾರು ಬರೆದುಕೊಂಡರು ಎಂದು ವಿಚಾರಿಸುತ್ತ ಓದಿದರೆ, ಗುಲಾಮಗಿರಿಯ ಚರಿತ್ರೆಗೆ ಈ ನಿರೂಪಣೆಗಳಷ್ಟು ಹತ್ತಿರದ ಆಧಾರಗಳು ಬೇರೆ ಹೆಚ್ಚಿಲ್ಲ.