ಕಡಲಪಾಚಿಯ ಹೊದಿಕೆ

ತಿನಿಸಿನೊಡನೆ ಅದರ ಹೊದಿಕೆಯನ್ನೂ ತಿನ್ನುವಂತಿದ್ದರೆ? ಇದು ಬರಿಯ ಕಲ್ಪನೆಯಲ್ಲ. ಇದರ ಚರಿತ್ರೆಯನ್ನು ಅರಸಿದರೆ ಹತ್ತೊಂಬತ್ತನೆಯ ಶತಮಾನದ ಸ್ಕಾಟ್ಲೆಂಡಿನ ಕಡಲತೀರವನ್ನು ತಲುಪುತ್ತೇವೆ.

ಅಲ್ಲಿನ ದ್ವೀಪವಾಸಿಗಳು ಕಂದುಬಣ್ಣದ ಕಡಲಪಾಚಿಯನ್ನು ಸುಟ್ಟು ಬೂದಿ ಮಾರಿ ಜೀವನ ಸಾಗಿಸುತ್ತಿದ್ದರು. ಆ ಬೂದಿಯಿಂದ ಅಯೋಡಿನ್ ತೆಗೆಯಲಾಗುತ್ತಿತ್ತು. ಹಿಡಿ ಬೂದಿಗಾಗಿ ಪಾಚಿಯ ಸತ್ತ್ವವೆಲ್ಲ ಹೊಗೆಯಾಗುವುದು ಎಡ್ವರ್ಡ್ ಸ್ಟ್ಯಾನ್‌ಫರ್ಡ್ ಎಂಬ ರಸಾಯನವಿಜ್ಞಾನಿಗೆ ವ್ಯರ್ಥವೆನಿಸಿತು. ಪಾಚಿಯನ್ನು ಸುಡದೆ ಸೋಡಾ ದ್ರಾವಣದಲ್ಲಿ ನೆನೆಯಿಸಿ, ಅಂಟಿನಂತಹ ಪದಾರ್ಥವೊಂದನ್ನು ಅವರು ಬೇರ್ಪಡಿಸಿದರು. ಅದಕ್ಕೆ ‘ಆಲ್ಜಿನ್’ ಎಂದು ಹೆಸರಿಟ್ಟು 1881ರಲ್ಲಿ ಪೇಟೆಂಟ್ ಪಡೆದರು.

ಇಂದಿನ ಸೋಡಿಯಂ ಆಲ್ಜಿನೇಟ್ ಇದೇ ಪರಂಪರೆಯದು. ನೀರಿನಲ್ಲಿ ಕರಗಿದ ಈ ವಸ್ತುವಿಗೆ ಕ್ಯಾಲ್ಸಿಯಂ ಲವಣ ಸೋಕಿದೊಡನೆ ಅದರ ನೀಳವಾದ ಅಣುಸರಪಳಿಗಳು ಪರಸ್ಪರ ಬೆಸೆದುಕೊಂಡು ತೆಳುಪೊರೆಯಾಗುತ್ತವೆ. ಮಾಂಸದ ಸಾಸೇಜುಗಳಿಗೆ ಈ ಪೊರೆ ತಿನ್ನಬಹುದಾದ ಹೊರಕವಚವಾಯಿತು. 2019ರ ಲಂಡನ್ ಮ್ಯಾರಥಾನ್‌ನಲ್ಲಿ, ಪ್ಲಾಸ್ಟಿಕ್ ಬಾಟಲಿಗಳನ್ನು ಕಡಿಮೆ ಮಾಡಲೆಂದು, ಪಾನೀಯ ತುಂಬಿದ ಕಡಲಪಾಚಿಯ ಪೊರೆಯ 30,000ಕ್ಕೂ ಹೆಚ್ಚು ಗುಳಿಗೆಗಳನ್ನು ಓಟಗಾರರಿಗೆಂದು ಸಿದ್ಧಪಡಿಸಿದ್ದರು. ಅದನ್ನು ಬಾಯಲ್ಲಿಟ್ಟು ಕಚ್ಚಿದರೆ ಸಾಕು, ಪೊರೆಯನ್ನು ನುಂಗಲೂಬಹುದು.

ಈ ಪೊರೆಗೆ ಕೊರತೆಯೂ ಇದೆ. ಅದು ನೀರಾವಿಯನ್ನು ಚೆನ್ನಾಗಿ ತಡೆಯಲಾರದು, ಒಣಗಿದರೆ ಪೆಡಸಾಗುತ್ತದೆ. ಆದ್ದರಿಂದಲೇ ಅಂಗಡಿಯ ಕಪಾಟಿನಲ್ಲಿ ಪ್ಲಾಸ್ಟಿಕ್ಕೇ ಇನ್ನೂ ಮೇಲುಗೈ. ಆದರೆ ಅರೆಗಳಿಗೆಯಲ್ಲಿ ಮುಗಿಯುವ ತಿನಿಸಿಗೆ ತಲೆಮಾರುಗಳ ಕಾಲ ಅಳಿಯದ ಹೊದಿಕೆ ಏತಕ್ಕೆ? ಬೇಗ ಅಳಿಯುವುದನ್ನು ನಾವು ದೋಷವೆಂದು ಎಣಿಸುತ್ತ ಬಂದಿದ್ದೇವೆ. ಹೊದಿಕೆಯ ಮಟ್ಟಿಗೆ ಅದೇ ದೊಡ್ಡ ಗುಣವೆಂದು ನನಗೆ ತೋರುತ್ತದೆ.