ಸಾಕು ಮೊಲದ ಬೆನ್ನೆಲುಬು: ಪೆಟ್ಟು, ಆರೈಕೆ ಮತ್ತು ಮನೆಯಲ್ಲಿ ಇರಬೇಕಾದ ಅನುಕೂಲ

ಸಾಕು ಮೊಲಕ್ಕೆ ಬೆನ್ನೆಲುಬಿನ ಪೆಟ್ಟು ಬಹಳ ಸಲ ಆಗುವುದು ಮನೆಯವರ ಕೈಯಲ್ಲೇ, ಅದೂ ಪ್ರೀತಿಯಿಂದ ಎತ್ತಿಕೊಂಡಾಗ. ಎತ್ತಿದವರ ಕೈಯಲ್ಲಿ ಹಿಂಭಾಗ ಜೋತಾಡಿದರೆ ಮೊಲ ಗಾಬರಿಯಾಗಿ ಹಿಂಗಾಲು ಜಾಡಿಸುತ್ತದೆ. ಆ ಒಂದು ಒದೆತದ ರಭಸಕ್ಕೇ ಅದರ ಸೊಂಟದ ಮಣಿ ಮುರಿಯಬಹುದು. ಸದ್ದೂ ಆಗುವುದಿಲ್ಲ, ರಕ್ತವೂ ಬರುವುದಿಲ್ಲ. ಕೆಳಗೆ ಬಿಟ್ಟ ಮೇಲೆ ಹಿಂದಿನ ಕಾಲು ಎಳೆಯುತ್ತಾ ಹೋಗುವುದನ್ನು ನೋಡಿದಾಗಲೇ ಗೊತ್ತಾಗುತ್ತದೆ.

ಮುನವಳ್ಳಿ, ಸವದತ್ತಿ, ಬೈಲಹೊಂಗಲ ಕಡೆ ಜೀವದಯಾ ಕೆಲಸದಲ್ಲಿರುವ ನಮ್ಮಂಥವರಿಗೆ ಬರುವ ಫೋನುಗಳಲ್ಲಿ "ಮೊಲ ಹಿಂದಿನ ಕಾಲು ಎಳೀತದ, ಏನು ಮಾಡೂಣು?" ಎನ್ನುವುದೂ ಒಂದು. ನಾಯಿ, ಬೆಕ್ಕು ಬೇಡವೆನ್ನುವ ಹಿರಿಯರು ಕೂಡ ಮೊಲ ಹುಲ್ಲು ತಿನ್ನುವ ಪ್ರಾಣಿ, ಮನೆಯಲ್ಲಿ ಮಾಂಸದ ಪ್ರಶ್ನೆ ಬರುವುದಿಲ್ಲ ಎಂದು ಮಕ್ಕಳ ಹಟಕ್ಕೆ ಒಪ್ಪುತ್ತಾರೆ. ತಂದ ಮೇಲೆ ಅದನ್ನು ಹಿಡಿಯುವುದು ಹೇಗೆ, ಇಡುವುದು ಎಲ್ಲಿ ಎಂದು ಹೇಳುವವರು ಯಾರೂ ಇರುವುದಿಲ್ಲ. ಮಾರಿದವನಂತೂ ಕಿವಿ ಹಿಡಿದು ಎತ್ತಿ ಕೊಟ್ಟಿರುತ್ತಾನೆ.

ಮೊದಲು ಒಂದು ವ್ಯತ್ಯಾಸ ಹೇಳಿಬಿಡುತ್ತೇನೆ. ಆನೆ ಎತ್ತಿದ ಕಾಲಿನ ಕೆಳಗೆ ಮೊಲ ಬಂದು ಕುಳಿತ ಮೇಘಕುಮಾರನ ಪೂರ್ವಭವದ ಕಥೆಯನ್ನು ನಮ್ಮ ಅನೇಕ ಮನೆಗಳಲ್ಲಿ ಮಕ್ಕಳಿಗೆ ಹೇಳುತ್ತಾರೆ. ಆ ಕಥೆಯ ಮೊಲ ಕಾಡುಮೊಲ. ನಮ್ಮ ಹೊಲಗಳಲ್ಲಿ ಈಗಲೂ ಕಾಣುವ ಆ ಮೊಲಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಅದರ ಮರಿ ಸಿಕ್ಕರೂ ಮನೆಗೆ ತಂದು ಸಾಕುವಂತಿಲ್ಲ. ಅಂಗಡಿ, ಸಂತೆಗಳಲ್ಲಿ ಮಾರುವ ಬಿಳಿ, ಬೂದು ಮೊಲಗಳು ಯುರೋಪಿನಿಂದ ಬಂದ ಬೇರೆಯೇ ಜಾತಿ. ಅವು ನಮ್ಮ ಬಯಲಿನಲ್ಲಿ ತಾವಾಗಿ ಬದುಕಲಾರವು. "ಹೊಲಕ್ಕೆ ಬಿಟ್ಟು ಬಂದೆವು, ಪುಣ್ಯದ ಕೆಲಸ" ಎನ್ನುವವರಿದ್ದಾರೆ. ಒಂದೆರಡು ದಿನದಲ್ಲಿ ನಾಯಿಯ ಬಾಯಿಗೆ ಹೋಗುತ್ತದೆ, ಅಷ್ಟೇ.

ಬೆನ್ನು ಯಾಕೆ ಇಷ್ಟು ಸೂಕ್ಷ್ಮ

ಮೊಲದ ಮೈತೂಕದಲ್ಲಿ ಎಲುಬಿನ ಪಾಲು ಶೇಕಡಾ 7ರಿಂದ 8 ಮಾತ್ರ. ಬೆಕ್ಕಿನಲ್ಲಿ ಅದು ಶೇಕಡಾ 12ರಿಂದ 13. ಎಲುಬು ಇಷ್ಟು ಹಗುರವಾಗಿದ್ದರೂ ಹಿಂಗಾಲಿನ ಸ್ನಾಯು ಮಾತ್ರ ಬಹಳ ಬಲವಾದದ್ದು. ಶತ್ರು ಬಂದರೆ ಒಂದೇ ನೆಗೆತಕ್ಕೆ ಓಡಿಹೋಗಲು ಅದು ಬೇಕು. ನೆಲದ ಮೇಲೆ ಇರುವಾಗ ಆ ಬಲ ಓಟಕ್ಕೆ ಹೋಗುತ್ತದೆ. ಗಾಳಿಯಲ್ಲಿ ಹಿಡಿದಾಗ ಅದೇ ಬಲ ತಿರುಗಿ ಬೆನ್ನಿನ ಮೇಲೆ ಬೀಳುತ್ತದೆ. ಮೊಲದ ಸೊಂಟದಲ್ಲಿ ಸಾಮಾನ್ಯವಾಗಿ ಏಳು ಮಣಿಗಳಿರುತ್ತವೆ. ಹೆಚ್ಚಾಗಿ ಮುರಿಯುವುದು ಅಥವಾ ಜಾರುವುದು ಕೊನೆಯ ಎರಡು, ಅಂದರೆ ಆರು ಮತ್ತು ಏಳನೆಯ ಮಣಿಗಳ ಹತ್ತಿರ. ಮನುಷ್ಯರ ಬೆನ್ನುಹುರಿ ಸೊಂಟದ ಮೇಲ್ಭಾಗದಲ್ಲೇ ಮುಗಿಯುತ್ತದೆ. ಮೊಲದ್ದು ಅದಕ್ಕಿಂತ ಬಹಳ ಕೆಳಗಿನವರೆಗೆ ಹೋಗುತ್ತದೆ. ಆದ್ದರಿಂದ ಸೊಂಟದ ಕೊನೆಯಲ್ಲಿ ಮುರಿದರೂ ಒಳಗಿನ ಹುರಿಗೆ ಪೆಟ್ಟು ತಗಲುತ್ತದೆ. ಹಿಂಗಾಲುಗಳ ಜೊತೆಗೆ ಮೂತ್ರ, ಮಲದ ಹಿಡಿತವೂ ತಪ್ಪಬಹುದು.

ಪಂಜರದಲ್ಲೇ ಕುಳಿತು ಬೆಳೆದ ಮೊಲಕ್ಕೆ ಅಪಾಯ ಇನ್ನೂ ಹೆಚ್ಚು. ಓಡಾಟವಿಲ್ಲದಿದ್ದರೆ ಎಲುಬು ತೆಳ್ಳಗಾಗುತ್ತದೆ. ದೀಪಾವಳಿಯ ಪಟಾಕಿ, ಗಣಪತಿ ಮೆರವಣಿಗೆಯ ಡಿಜೆ ಸದ್ದು, ಕಿಟಕಿಯ ಹತ್ತಿರ ಬಂದ ಮಂಗ ಅಥವಾ ಬೆಕ್ಕು, ಇವುಗಳಿಗೆ ಬೆಚ್ಚಿ ಸಣ್ಣ ಪಂಜರದೊಳಗೇ ಜಿಗಿದು ಬೆನ್ನು ಮುರಿದುಕೊಳ್ಳುವುದೂ ಉಂಟು. ಮತ್ತೊಂದು ಕಾರಣ ನಮ್ಮ ಹೊಸ ಮನೆಗಳ ನುಣುಪು ಟೈಲ್ಸ್ ಮತ್ತು ಗ್ರಾನೈಟ್. ಮೊಲದ ಪಾದಕ್ಕೆ ನಾಯಿಯ ಹಾಗೆ ಮೆತ್ತೆ ಇರುವುದಿಲ್ಲ, ಬರೀ ಕೂದಲು. ನುಣುಪು ನೆಲದ ಮೇಲೆ ಓಡಿದರೆ ಕಾಲು ಅಗಲವಾಗಿ ಜಾರುತ್ತದೆ. ಹಳೆಯ ಜಮಖಾನ, ಚಾಪೆ ಅಥವಾ ತೊಳೆದ ಗೋಣಿ ತಟ್ಟು ಹಾಸಿದರೆ ಸಾಕು.

ಹಿಡಿಯುವ ರೀತಿ

ಹತ್ತು ವರ್ಷದೊಳಗಿನ ಮಕ್ಕಳು ಮೊಲವನ್ನು ಎತ್ತಲೇಬಾರದು ಎಂಬುದು ನನ್ನ ಅಭಿಪ್ರಾಯ. ಮಗು ನೆಲದ ಮೇಲೆ ಕುಳಿತುಕೊಳ್ಳಲಿ, ಮೊಲ ತಾನೇ ಹತ್ತಿರ ಬರಲಿ, ಹಣೆಯ ಮೇಲೆ ಸವರಲಿ. ಮೊಲಕ್ಕೂ ಅದೇ ಇಷ್ಟ. ಮೇಲಿನಿಂದ ಬಂದು ಎತ್ತುವ ಕೈ ಅದಕ್ಕೆ ಹದ್ದಿನ ಉಗುರಿದ್ದ ಹಾಗೆ.

ದೊಡ್ಡವರು ಎತ್ತಬೇಕಾದರೆ ಒಂದು ಕೈ ಮುಂಗಾಲುಗಳ ಹಿಂದೆ ಎದೆಯ ಕೆಳಗೆ, ಇನ್ನೊಂದು ಕೈ ಕುಂಡಿಯ ಕೆಳಗೆ ಇರಬೇಕು. ಹಿಂಗಾಲುಗಳು ಆ ಕೈಯ ಮೇಲೆ ಕುಳಿತಂತೆ ಮಡಚಿರಬೇಕು. ಮೊಲದ ಮಗ್ಗುಲು ನಿಮ್ಮ ಹೊಟ್ಟೆಗೆ ತಾಗಿರಬೇಕು. ಒದ್ದಾಡಲು ಶುರು ಮಾಡಿದರೆ ಬಿಗಿ ಹಿಡಿದು ಗೆಲ್ಲಲು ಹೋಗಬೇಡಿ, ತಕ್ಷಣ ನೀವೇ ಕೆಳಗೆ ಕುಳಿತುಬಿಡಿ. ಪಂಜರಕ್ಕೆ ಬಿಡುವಾಗ ಹಿಂಭಾಗ ಮೊದಲು ಒಳಗೆ ಹೋಗಲಿ. ಮುಖ ಮುಂದಾಗಿ ಬಿಟ್ಟರೆ ಕೊನೆಯ ಗಳಿಗೆಯಲ್ಲಿ ಕೈಯಿಂದ ಒದ್ದು ಜಿಗಿಯುತ್ತದೆ. ಕಿವಿ ಹಿಡಿದು ಎತ್ತುವುದು, ಕುತ್ತಿಗೆಯ ಚರ್ಮ ಮಾತ್ರ ಹಿಡಿದು ನೇತಾಡಿಸುವುದು ಎರಡೂ ತಪ್ಪು.

ಮೊಲವನ್ನು ಅಂಗಾತ ಮಲಗಿಸಿದರೆ ಅಲುಗಾಡದೆ ಇರುತ್ತದೆ. ಅದನ್ನು "ನಿದ್ದೆ ಹೋಯಿತು" ಎಂದು ವಿಡಿಯೋ ಮಾಡಿ ಹಂಚುವವರನ್ನು ನೋಡಿದ್ದೇನೆ. ಅದು ನಿದ್ದೆಯಲ್ಲ, ಬೇಟೆಗಾರನ ಕೈಗೆ ಸಿಕ್ಕ ಪ್ರಾಣಿ ಭಯದಿಂದ ಮರಗಟ್ಟುವುದು. ಅದರಿಂದ ಎಚ್ಚೆತ್ತ ಕ್ಷಣದಲ್ಲಿ ಜೋರಾಗಿ ಒದೆಯುತ್ತದೆ.

ಪೆಟ್ಟಾದ ಮೊದಲ ತಾಸುಗಳು

ಹಿಂಗಾಲು ಎಳೆಯುವುದು, ನಿಲ್ಲಲಾರದೆ ಮಗ್ಗುಲಿಗೆ ಬೀಳುವುದು, ಹಿಂಭಾಗ ಮೂತ್ರದಿಂದ ಒದ್ದೆಯಾಗುವುದು, ಹಲ್ಲು ಕಡಿಯುವುದು, ತಿನ್ನದೆ ಮುದುಡಿ ಕೂರುವುದು ಇವು ಲಕ್ಷಣಗಳು. ಕಂಡ ಕೂಡಲೇ ಮಾಡಬೇಕಾದದ್ದು ಒಂದೇ: ಬೆನ್ನು ಅಲುಗದಂತೆ ನೋಡಿಕೊಳ್ಳುವುದು. ಗಟ್ಟಿ ರಟ್ಟು ಅಥವಾ ತೆಳ್ಳನೆಯ ಹಲಗೆಯನ್ನು ಮೆಲ್ಲಗೆ ಕೆಳಗೆ ಸರಿಸಿ ಹಾಗೇ ಎತ್ತಿ. ಅಗಲವಲ್ಲದ ಡಬ್ಬಿಯಲ್ಲಿಟ್ಟು ಎರಡೂ ಬದಿಗೆ ಟವೆಲ್ ಸುರುಳಿ ಇಡಿ. ಗಾಳಿಯಾಡುವಂತೆ ಮೇಲೆ ಬಟ್ಟೆ ಹಾಕಿ ಕತ್ತಲು ಮಾಡಿ. ಎಣ್ಣೆ ಹಚ್ಚಿ ತಿಕ್ಕುವುದು, ಕಾಲು ಎಳೆದು ನೋಡುವುದು, ಎಲುಬು ಕೂಡಿಸುವವರ ಹತ್ತಿರ ಒಯ್ಯುವುದು ಬೇಡ. ಸ್ವಲ್ಪ ಜರುಗಿದ ಮಣಿ ಪೂರ್ತಿ ಮುರಿಯುವುದು ಇಂಥ ಕೈಗಳಲ್ಲೇ.

ಮನೆಯಲ್ಲಿರುವ ಮನುಷ್ಯರ ಗುಳಿಗೆ ಕೊಡಬೇಡಿ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ದನಕ್ಕೆ, ನಾಯಿಗೆ ತಂದು ಉಳಿದ ಔಷಧಿಯನ್ನೂ ಹಾಕುವವರಿದ್ದಾರೆ. ಅಮಾಕ್ಸಿಸಿಲಿನ್, ಆಂಪಿಸಿಲಿನ್ ನಮ್ಮ ಮಕ್ಕಳಿಗೆ ನಿತ್ಯದ ಔಷಧಿ. ಮೊಲಕ್ಕೆ ಬಾಯಿಂದ ಕೊಟ್ಟರೆ ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳು ನಾಶವಾಗಿ ಪ್ರಾಣವೇ ಹೋಗಬಹುದು. ಉಪವಾಸ ಕೆಡವುದೂ ಅಪಾಯ. ಮೊಲ ಅರ್ಧ ದಿನ ಏನೂ ತಿನ್ನದಿದ್ದರೆ ಕರುಳಿನ ಚಲನೆ ನಿಲ್ಲುತ್ತದೆ, ಅದೇ ಒಂದು ತುರ್ತು ಸ್ಥಿತಿ. ಬಾಯಿಗೆ ಎಟುಕುವಂತೆ ಹಸಿ ಹುಲ್ಲು, ತಗ್ಗಿನ ಬಟ್ಟಲಲ್ಲಿ ನೀರು ಇಡಿ.

ಪಶುವೈದ್ಯ ಇಲಾಖೆಯ ಸಹಾಯವಾಣಿ 1962. ತಾಲೂಕು ಪಶು ಆಸ್ಪತ್ರೆಯ ವೈದ್ಯರು ಹೆಚ್ಚಾಗಿ ದನ, ಎಮ್ಮೆ, ಕುರಿ ನೋಡುವವರು. ಎಕ್ಸ್-ರೇ ಬೇಕಾದರೆ ನಮ್ಮ ಭಾಗದವರು ಬೆಳಗಾವಿ ಅಥವಾ ಹುಬ್ಬಳ್ಳಿ-ಧಾರವಾಡಕ್ಕೆ ಹೋಗಬೇಕಾಗಬಹುದು. ಬೆಂಗಳೂರಿನವರಿಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಹೊರಡುವ ಮೊದಲು ಫೋನ್ ಮಾಡಿ "ಮೊಲ ನೋಡುತ್ತೀರಾ?" ಎಂದು ಕೇಳಿಕೊಳ್ಳಿ. ಎಳೆಯುವ ಕಾಲೆಲ್ಲ ಮುರಿದ ಬೆನ್ನಲ್ಲ ಎಂಬುದೂ ನೆನಪಿರಲಿ. ಮೊಲಗಳಿಗೇ ಬರುವ ಒಂದು ಸೂಕ್ಷ್ಮ ಪರಾವಲಂಬಿ ರೋಗದಿಂದಲೂ, ವಯಸ್ಸಾದ ಮೊಲಗಳಲ್ಲಿ ಮಣಿಗಳ ಸವೆತದಿಂದಲೂ ಹಿಂಗಾಲು ಸೋಲುತ್ತದೆ. ಅವುಗಳ ಚಿಕಿತ್ಸೆ ಬೇರೆ.

ವೈದ್ಯರು ಕಾಲಿನ ಬೆರಳು ಚಿವುಟಿ ನೋಡುತ್ತಾರೆ. ಕಾಲು ಹಿಂದಕ್ಕೆ ಸೆಳೆದುಕೊಂಡರೆ ಮನೆಯವರಿಗೆ ಸಂತೋಷವಾಗುತ್ತದೆ, ಆದರೆ ಅದು ಬರೀ ಹುರಿಯ ಪ್ರತಿಕ್ರಿಯೆ ಇರಬಹುದು. ಮೊಲ ತಲೆ ತಿರುಗಿಸಿತೇ, ನೋವು ಅದಕ್ಕೆ ತಿಳಿಯಿತೇ ಎಂಬುದು ಮುಖ್ಯ. ನೋವು ತಿಳಿಯುತ್ತಿದ್ದು, ಎಲುಬು ಜಾಗ ಬಿಡದೆ ಹುರಿಗೆ ಬಾವು ಮಾತ್ರ ಬಂದಿದ್ದರೆ ಆರರಿಂದ ಎಂಟು ವಾರ ಇಕ್ಕಟ್ಟಾದ ಜಾಗದಲ್ಲಿ ವಿಶ್ರಾಂತಿ, ನೋವಿನ ಔಷಧಿಯಿಂದ ಚೇತರಿಸಿಕೊಳ್ಳುವ ಸಾಧ್ಯತೆ ಇದೆ. ನೋವೇ ತಿಳಿಯದಿದ್ದರೆ ಆಸೆ ಬಹಳ ಕಡಿಮೆ.

ಕಾಲು ಬಾರದ ಮೊಲದ ಸೇವೆ

ಇಂಥ ಸ್ಥಿತಿಯಲ್ಲಿ ವೈದ್ಯರು ದಯಾಮರಣದ ಮಾತು ತೆಗೆಯುತ್ತಾರೆ. ಅವರ ಮೇಲೆ ಸಿಟ್ಟಾಗಬಾರದು, ಪ್ರಾಣಿಯ ನೋವು ನೋಡಿಯೇ ಹೇಳುತ್ತಾರೆ. ನಮ್ಮ ಬಹಳಷ್ಟು ಮನೆಗಳಲ್ಲಿ ಅದಕ್ಕೆ ಒಪ್ಪುವುದಿಲ್ಲ. ಒಪ್ಪದಿದ್ದರೆ ಆ ನಿರ್ಧಾರದ ಭಾರ ಮನೆಯವರೇ ಹೊರಬೇಕು, ಮೊಲದ ಮೇಲೆ ಹಾಕಬಾರದು. ಕೊಲ್ಲಲಿಲ್ಲ ಎಂದು ಸಮಾಧಾನ ಮಾಡಿಕೊಂಡು ಮೂಲೆಯಲ್ಲಿ ಒದ್ದೆಯಲ್ಲಿ ಬಿಡುವುದನ್ನು ನಾನು ಅಹಿಂಸೆ ಎಂದು ಕರೆಯಲಾರೆ.

ಸೇವೆ ಎಂದರೆ ಏನು ಎಂಬುದು ಮೊದಲೇ ಗೊತ್ತಿರಲಿ. ವೈದ್ಯರಿಂದ ಕಲಿತುಕೊಂಡು ದಿನಕ್ಕೆ ಎರಡರಿಂದ ನಾಲ್ಕು ಸಲ ಕೈಯಿಂದ ಮೂತ್ರಕೋಶ ಒತ್ತಿ ಖಾಲಿ ಮಾಡಬೇಕು. ಕೆಲವು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು, ರಾತ್ರಿಯೂ. ಹಾಸಿಗೆ ಒಣಗಿರಬೇಕು, ಇಲ್ಲವಾದರೆ ಮೂತ್ರ ಚರ್ಮವನ್ನು ಸುಡುತ್ತದೆ. ನೊಣ ಕೂತು ಮೊಟ್ಟೆ ಇಟ್ಟರೆ ಒಂದು ದಿನದೊಳಗೆ ಹುಳ ಬೀಳುತ್ತವೆ. ಮಳೆಗಾಲದಲ್ಲಿ ಸೊಳ್ಳೆ ಪರದೆ ಇಲ್ಲದೆ ಇಂಥ ಮೊಲವನ್ನು ಇಡಲೇಬಾರದು. ಇನ್ನೊಂದು ಸಂಗತಿ ಬಹಳ ಜನಕ್ಕೆ ಗೊತ್ತಿಲ್ಲ: ಮೊಲ ತನ್ನ ಮೆತ್ತನೆಯ ಹಿಕ್ಕೆಯನ್ನು ಬಗ್ಗಿ ತಾನೇ ತಿನ್ನುತ್ತದೆ, ಅದರಿಂದ ಅದಕ್ಕೆ ಜೀವಸತ್ವ ಸಿಗುತ್ತದೆ. ಬೆನ್ನು ಬಗ್ಗದ ಮೊಲಕ್ಕೆ ಅದು ಎಟುಕುವುದಿಲ್ಲ, ಬಾಯಿಯ ಹತ್ತಿರ ಇಡಬೇಕು. ನಮ್ಮೂರಿನ ಒಂದು ಮನೆಯಲ್ಲಿ ಅತ್ತೆ ಸೊಸೆ ಸರದಿ ಹಾಕಿಕೊಂಡು ಇಷ್ಟನ್ನೂ ಹನ್ನೊಂದು ತಿಂಗಳು ಮಾಡಿದರು. ಮೊಲ ಕೊನೆಯವರೆಗೂ ಚೆನ್ನಾಗಿ ತಿನ್ನುತ್ತಿತ್ತು, ಕರೆದರೆ ಕಿವಿ ಎತ್ತುತ್ತಿತ್ತು. ಎಲ್ಲ ಮನೆಯಲ್ಲೂ ಇದು ಆಗುವ ಮಾತಲ್ಲ.

ಗೋಶಾಲೆ, ಪಾಂಜರಪೋಳಕ್ಕೆ ಬಿಡುತ್ತೇವೆ ಎನ್ನುವವರಿಗೆ ಒಂದು ಮಾತು. ಅಲ್ಲಿಯವರು ನೂರಾರು ಹಸುಗಳ ಕೆಲಸದಲ್ಲಿರುತ್ತಾರೆ. ಒಂದು ಮೊಲದ ಮೂತ್ರಕೋಶ ಒತ್ತಲು ಅವರಿಗೆ ಕೈ ಬಿಡುವಿಲ್ಲ.

ಮನೆಯಲ್ಲಿ ಎಷ್ಟು ಅನುಕೂಲ ಬೇಕು

ಇಂಗ್ಲೆಂಡಿನ ಮೊಲ ಕಲ್ಯಾಣ ಸಂಸ್ಥೆಯವರು ಜೋಡಿ ಮೊಲಕ್ಕೆ ಕನಿಷ್ಠ 3 ಮೀಟರ್ ಉದ್ದ, 2 ಮೀಟರ್ ಅಗಲ, 1 ಮೀಟರ್ ಎತ್ತರದ ಜಾಗ ಹಗಲು ರಾತ್ರಿ ಇರಬೇಕೆನ್ನುತ್ತಾರೆ. ಅಂದರೆ ಸುಮಾರು ಹತ್ತು ಅಡಿಗೆ ಆರೂವರೆ ಅಡಿ, ಒಂದು ಸಣ್ಣ ಕೋಣೆಯಷ್ಟು. ನಮ್ಮಲ್ಲಿ ಮಾರುವ ಎರಡು ಅಡಿಯ ತಂತಿ ಪಂಜರದಲ್ಲಿ ಮೊಲ ಮೂರು ಸಲ ಕುಪ್ಪಳಿಸಲೂ ಆಗದು, ತಂತಿಯ ತಳದಿಂದ ಪಾದ ಹುಣ್ಣಾಗುತ್ತದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೆಯ ಕಲಮು ಸಹ, ಓಡಾಡಲು ಸಾಕಷ್ಟು ಎತ್ತರ, ಉದ್ದ, ಅಗಲವಿಲ್ಲದ ಪಂಜರದಲ್ಲಿ ಪ್ರಾಣಿಯನ್ನು ಇಡುವುದು ಅಪರಾಧ ಎನ್ನುತ್ತದೆ. ಅಹಿಂಸಾಣುವ್ರತದ ಅತಿಚಾರಗಳಲ್ಲಿ ಬಂಧವೂ, ಅನ್ನಪಾನ ನಿರೋಧವೂ ಇರುವುದು ಶ್ರಾವಕರಿಗೆ ಹೊಸದಾಗಿ ಹೇಳಬೇಕಿಲ್ಲ.

ಆಹಾರದಲ್ಲಿ ಮುಕ್ಕಾಲಿಗಿಂತ ಹೆಚ್ಚು ಪಾಲು ಹುಲ್ಲು: ಒಣ ಹುಲ್ಲು, ಕರಿಕೆ. ಮೇಲಿಂದ ಸ್ವಲ್ಪ ಕೊತ್ತಂಬರಿಯಂಥ ಸೊಪ್ಪು. ಚಿತ್ರದಲ್ಲಿ ಮೊಲದ ಕೈಗೆ ಗಜ್ಜರಿ ಕೊಟ್ಟಿರುತ್ತಾರೆ, ಅದರಲ್ಲಿ ಸಕ್ಕರೆ ಹೆಚ್ಚು, ಮೊಲಕ್ಕೆ ಅದರ ಅಗತ್ಯವೇ ಇಲ್ಲ. ಮೊಲದ ಸಲುವಾಗಿ ಕಂದಮೂಲ ಮನೆಗೆ ತರಬೇಕಲ್ಲ ಎಂದು ಚಿಂತಿಸುವವರು ನಿಶ್ಚಿಂತೆಯಾಗಿರಬಹುದು. ಬಿಸ್ಕತ್ತು, ಅನ್ನ, ಚಪಾತಿ ಬೇಡ. ಸಂಜೆಯಾದ ಮೇಲೆ ಹುಲ್ಲು ತೆಗೆದಿಡುವ ಮನೆಗಳನ್ನೂ ಕಂಡಿದ್ದೇನೆ. ಚೌವಿಹಾರ ನಮ್ಮ ವ್ರತ. ಮೊಲ ಹೆಚ್ಚಾಗಿ ತಿನ್ನುವುದೇ ಮುಸ್ಸಂಜೆ, ರಾತ್ರಿ ಮತ್ತು ನಸುಕಿನಲ್ಲಿ. ಬೇಸಿಗೆಯಲ್ಲಿ ನಮ್ಮ ಕಡೆಯ ಬಿಸಿಲು ಅದಕ್ಕೆ ತಡೆಯದು. ತಂಪು ಕೋಣೆ, ಬಟ್ಟೆ ಸುತ್ತಿದ ಮಂಜುಗಡ್ಡೆಯ ಬಾಟಲಿ ಇರಲಿ. ವಾರಕ್ಕೊಮ್ಮೆ ಅಂಗಡಿಯ ಕಾಟಾದ ಮೇಲೆ ಬುಟ್ಟಿಯಲ್ಲಿ ಕೂರಿಸಿ ತೂಕ ಬರೆದಿಡಿ. ಕಾಯಿಲೆ ಕಣ್ಣಿಗೆ ಕಾಣುವ ಮೊದಲು ತೂಕದಲ್ಲಿ ಕಾಣುತ್ತದೆ.

ಗಂಡು ಹೆಣ್ಣು ಜೋಡಿ ತಂದರೆ ಸುಮಾರು 31 ದಿನಕ್ಕೆ ಮರಿ ಹಾಕುತ್ತದೆ, ಹಾಕಿದ ದಿನವೇ ಮತ್ತೆ ಗಬ್ಬವಾಗಬಲ್ಲದು. ಹೆಚ್ಚಾದ ಮರಿಗಳನ್ನು "ಯಾರಿಗೋ ಕೊಟ್ಟೆವು" ಎನ್ನುತ್ತಾರೆ. ಆ ಯಾರೋ ಮಾಂಸಕ್ಕೆ ಮಾರುವವನಲ್ಲ ಎಂದು ಹೇಗೆ ಹೇಳುವುದು? ಮಾರಾಟಕ್ಕೆ ಬರುವ ನ್ಯೂಜಿಲೆಂಡ್ ವೈಟ್, ಸೋವಿಯತ್ ಚಿಂಚಿಲ್ಲಾ ತಳಿಗಳು ಮಾಂಸಕ್ಕೆಂದೇ ಫಾರ್ಮುಗಳಲ್ಲಿ ಬೆಳೆಸುವಂಥವು. ಸಂತಾನಹರಣ ಶಸ್ತ್ರಚಿಕಿತ್ಸೆ ಬೇಡವೆನ್ನುವವರು ಎರಡೂ ಹೆಣ್ಣನ್ನೇ ಇಟ್ಟುಕೊಳ್ಳಲಿ. ಗಂಡೋ ಹೆಣ್ಣೋ ಎಂಬುದನ್ನು ಮಾರುವವನ ಬಾಯಿಂದಲ್ಲ, ವೈದ್ಯರಿಂದ ತಿಳಿಯಿರಿ.

ಪರ್ಯುಷಣದಲ್ಲಿ, ಮಹಾವೀರ ಜಯಂತಿಗೆ ಅಭಯದಾನವೆಂದು ಸಂತೆಯ ಮೊಲಗಳನ್ನೆಲ್ಲ ಕೊಳ್ಳುವ ಉತ್ಸಾಹಿಗಳಿದ್ದಾರೆ. ವ್ಯಾಪಾರಿಯಾಗಿ ಹೇಳುತ್ತೇನೆ, ಮಾಲು ಖಾಲಿಯಾದರೆ ಮುಂದಿನ ವಾರ ಎರಡು ಪಟ್ಟು ಮಾಲು ಬರುತ್ತದೆ. 2018ರ ಕೇಂದ್ರ ನಿಯಮಗಳ ಪ್ರಕಾರ ಸಾಕುಪ್ರಾಣಿ ಮಾರುವ ಅಂಗಡಿಗೆ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯ ನೋಂದಣಿ ಬೇಕು. ಅದಿಲ್ಲದವರ ಬಗ್ಗೆ ತಾಲೂಕು ಪಶು ಆಸ್ಪತ್ರೆಗೆ ಲಿಖಿತ ದೂರು ಕೊಡಬಹುದು. ಮೊಲವೇ ಬೇಕೆನ್ನುವವರು ಹೊಸದು ಕೊಳ್ಳುವ ಬದಲು, ಸಾಕಲಾರದೆ ಬಿಡುತ್ತಿರುವ ಮನೆಯಿಂದ ತರುವುದು ಮೇಲು. ಮೊಲ ಎಂಟು ಹತ್ತು ವರ್ಷ ಬದುಕುತ್ತದೆ. ಹಟ ಮಾಡಿದ ಹುಡುಗ ಕಾಲೇಜಿಗೆ ಹೋದ ಮೇಲೆ ಅದರ ಹುಲ್ಲು ನೀರು ಯಾರದು ಎಂಬುದನ್ನು ತರುವ ಮೊದಲೇ ಮನೆಯಲ್ಲಿ ಮಾತಾಡಿಕೊಳ್ಳಿ.